ಮೂರು ಸೆಂಟಿಮೀಟರ್ ಕೂದಲು

ಎಲ್ಸ್ಪಾ ಕತ್ತರಿ ತರುತ್ತಾಳೆ. ಕುತ್ತಿಗೆಯ ಹಿಂದೆ,
ಬುಡಕ್ಕೆ ತಾಗಿಸಿ, ಒಂದು ಎಳೆಗಂಟು. ನೋವಾಗುವುದಿಲ್ಲ.
ತಿಂಗಳಿಗೊಂದು ಸೆಂಟಿಮೀಟರ್ ಬೆಳೆಯುತ್ತದಂತೆ;
ಬುಡ ಯಾವುದು, ತುದಿ ಯಾವುದು ಮರೆಯದಿರಲೆಂದು
ದಾರ ಕಟ್ಟಿ ಲಕೋಟೆಗೆ ಹಾಕುತ್ತಾಳೆ.
ನನ್ನ ಮೂರು ತಿಂಗಳ ಊಟ ಅದರಲ್ಲಿದೆ,
ನಾನು ಬರೆಯದ ದಿನಚರಿ.

"ಬಯಕೆ?" ಪ್ರಶ್ನಾವಳಿಯ ಹನ್ನೊಂದನೇ ಸಾಲು.
ಕಾಡ್ ಮೀನು, ಆಲೂಗಡ್ಡೆ, ರುಬಾರ್ಬ್ ಜಾಮ್.
"ತಿಮಿಂಗಿಲ?"
ಇಲ್ಲ ಎನ್ನುತ್ತೇನೆ. ನಿಜವೇ. ಆದರೂ
ಸುಳ್ಳು ಹೇಳಿದವಳಂತೆ ಕಿಟಕಿಯಾಚೆ ನೋಡುತ್ತೇನೆ.
ಕ್ಲಾಕ್ಸ್‌ವಿಕ್ ಬಂದರಿನಲ್ಲಿ ಮಂಜು. ದೋಣಿಗಳು ಅರ್ಧರ್ಧ ಮಾತ್ರ ಇವೆ.

ಇದಕ್ಕೂ ಮೊದಲು ಇನ್ನೊಂದು ಲಕೋಟೆಯಿತ್ತು.
ಅಮ್ಮನದು. ಮೂವತ್ತೊಂದು ವರ್ಷದ ಹಿಂದೆ.
ಆಗ ಅವಳ ಹೊಟ್ಟೆಯಲ್ಲಿದ್ದ ನಾನು: ಸಂಖ್ಯೆ ನಾನೂರ ಹದಿನೇಳು.

ಆ ಆಗಸ್ಟಿನಲ್ಲಿ ಕೊಲ್ಲಿಗೆ ಹಿಂಡು ಬಂದಿತ್ತು.
ಕಾಸಿಲ್ಲದೆ ಹಂಚುವ ಮಾಂಸ, ಮನೆಮನೆಗೂ ಪಾಲು.
ಅಪ್ಪ ಹಾನುಸ್, ಸಂದುಗೋಡೆಯ ಗಾಳಿಗುಡಿಸಲಲ್ಲಿ
ಸೀಳುಗಳನ್ನು ತೂಗಿಹಾಕಿದ.
ಅಜ್ಜಿ ಬಸುರಿ ಸೊಸೆಗೆಂದು
ಎಲ್ಲಕ್ಕಿಂತ ಕಪ್ಪಗಿನ, ಒಳ್ಳೆಯ ತುಂಡನ್ನೇ ಆರಿಸಿದಳು.
ಎರಡು ಜೀವಕ್ಕೆ ಉಣ್ಣಬೇಕಲ್ಲ.
ಉಪ್ಪು ಸರಿಯಾಗಿತ್ತಂತೆ. ಅಮ್ಮ ಈಗಲೂ ಅದನ್ನು ಹೇಳುತ್ತಾಳೆ.

ನಮ್ಮ ದ್ವೀಪದಲ್ಲಿ ಸುಡಲು ಕಾಡೇ ಇಲ್ಲ.
ಎಲ್ಲೋ ಕಲ್ಲಿದ್ದಲು ಉರಿಯಿತು, ಯಾರದೋ ದೀಪಕ್ಕೆ, ಯಾರದೋ ಲಿಫ್ಟಿಗೆ;
ಹೊಗೆ ಮಳೆಯಾಯಿತು, ಮಳೆ ಕಡಲಾಯಿತು,
ಕಡಲು ಸೀಗಡಿಯಾಗಿ, ಸ್ಕ್ವಿಡ್ ಆಗಿ, ತಿಮಿಂಗಿಲವಾಗಿ
ಬಾಯಿಂದ ಬಾಯಿಗೆ ಒಂದಿಷ್ಟು ಗಟ್ಟಿಯಾಗುತ್ತ
ಅಮ್ಮನ ತಟ್ಟೆಗೆ ಬಂತು.
ಹೊಕ್ಕುಳಬಳ್ಳಿಗೆ ಬೇಲಿ ಇರಲಿಲ್ಲ.

ಏಳನೇ ವರ್ಷಕ್ಕೆ ಕರೆದರು. ಬಿಸಿ ಹಾಲು ಕೊಟ್ಟರು.
ಚಿತ್ರ ತೋರಿಸಿ, ಹೆಸರು ಹೇಳು ಎಂದರು.
ಕುದುರೆ. ಪೊರಕೆ. ಬಸವನಹುಳು.
ಆಮೇಲೆ ಒಂದು ಲಂಗರು.
ಅಪ್ಪನ ದೋಣಿಯಲ್ಲಿ ದಿನಾ ಕಾಲಿಗೆ ಎಡವುವ ಲಂಗರು!
ಕಬ್ಬಿಣದ ವಾಸನೆ ಬಂತು, ಅಂಗೈಗೆ ತುಕ್ಕು ಬಂತು,
ಸರಪಳಿ ಇಳಿಯುವ ಸದ್ದೂ ಬಂತು,
ಹೆಸರು ಬರಲಿಲ್ಲ.
ಗಡಿಯಾರ ಹಿಡಿದವಳು ಏನೋ ಬರೆದುಕೊಂಡು ಮುಗುಳ್ನಕ್ಕಳು.
ನಾನು ಹಾಲು ಕುಡಿದೆ.

ಸಾವಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ
ಸಾಲು ಕೂದಲೆಳೆಯಷ್ಟು ವಾಲುತ್ತದೆ.
ವರದಿ ಹೇಳಿದ್ದು ಇಷ್ಟೇ.
ವಾಲಿದವರಲ್ಲಿ ನಾನಿದ್ದೆನೇ? ಯಾರೂ ಹೇಳಲಾರರು.
ಒಲೆಯ ಮೇಲೆ ನೀರಿಟ್ಟು ಮರೆತಾಗ,
ಪಕ್ಕದ ಮನೆಯವನ ಹೆಸರು ನಾಲಿಗೆಯ ತುದಿಯಲ್ಲೇ ನಿಂತಾಗ
ಇದು ವಿಷವೋ, ನಾನೋ?
ಅಮ್ಮ ಆಗೆಲ್ಲ ಹೆಣಿಗೆ ನಿಲ್ಲಿಸುತ್ತಾಳೆ.
ಏನೂ ಕೇಳುವುದಿಲ್ಲ. ಕುಣಿಕೆ ಎಣಿಸುತ್ತಾಳೆ. ಮತ್ತೆ ಮೊದಲಿಂದ ಎಣಿಸುತ್ತಾಳೆ.

ಚಿಕ್ಕಂದಿನಲ್ಲಿ, ನಿಂತಲ್ಲಿ ನಿಲ್ಲದ ನನ್ನನ್ನು
ಪಾದರಸದಂಥ ಹುಡುಗಿ ಎಂದು ಹೊಗಳುತ್ತಿದ್ದವಳು
ವರದಿ ಬಂದ ವರ್ಷದಿಂದ ಆ ಮಾತು ಬಿಟ್ಟಳು.

ಸಂಜೆ ಬಾಗಿಲಲ್ಲಿ ಅವಳು, ಮುಚ್ಚಿದ ಪಾತ್ರೆ ಹಿಡಿದು.
"ಬರೀ ಆಲೂಗಡ್ಡೆ," ಎನ್ನುತ್ತಾಳೆ, ನಾನು ಕೇಳುವ ಮೊದಲೇ.
ಮುಚ್ಚಳ ತೆಗೆದು ತೋರಿಸುತ್ತಾಳೆ,
ತಪಾಸಣೆಗೆ ಚೀಲ ಬಿಚ್ಚುವವರ ಹಾಗೆ.
ಆವಿಗೆ ನನ್ನ ಕನ್ನಡಕ ಮಸುಕಾಗುತ್ತದೆ.
"ಉಪ್ಪು ನೋಡು," ಎನ್ನುತ್ತಾಳೆ.