ಎರಡು ಡಬ್ಬಿ

ಹವಾನಾದಲ್ಲಿ ನಮ್ಮದು ಹಿತ್ತಲ ಕಡೆಯ ಕೋಣೆ.
ಮುಂದೆ ಚಪ್ಪಲಿ ಹೊಲಿಯುವವನು, ಮಹಡಿಯಲ್ಲಿ ಪಿಯಾನೋ ಕಲಿಯುವ ಹುಡುಗಿ,
ನಡುವೆ ನಾವು: ಎಲಿಹಿಯೋ, ನಾನು,
ರೇಷ್ಮೆ ಬಿಗಿದ ನಾಲ್ಕು ಚೌಕಟ್ಟು, ಸೀಮೆಎಣ್ಣೆಯ ವಾಸನೆ.
ನನ್ನ ಕೆಲಸ ತೊಳೆಯುವುದು.
ಬೆರಳ ಸಂದಿಯ ಬಣ್ಣ ನೋಡಿಯೇ ಅಮ್ಮ ಹೇಳುತ್ತಿದ್ದಳು
ಈ ವಾರದ ಸಿನಿಮಾ ಅಳಿಸುವುದೋ ನಗಿಸುವುದೋ ಎಂದು.

ಆ ಸಲ ಬಂದದ್ದು ಒಂದು ಚೀಟಿ, ಟೈಪು ಮಾಡಿದ ಒಂದೇ ಸಾಲು:
ವಿಧವೆಯೊಬ್ಬಳು ತಮ್ಮನನ್ನು ಹುಡುಕಿ ದೋಣಿಯಲ್ಲಿ ಹೊರಡುತ್ತಾಳೆ.
ಮೊದಲು ಪೋಸ್ಟರು, ಆಮೇಲೆ ಸಿನಿಮಾ, ಅದೇ ರೂಢಿ.
ಉಗ್ರಾಣದಲ್ಲಿ ಉಳಿದದ್ದು ಎರಡು ಡಬ್ಬಿ:
ಹಳದಿ ತುಂಬ, ನೀಲಿ ಅರ್ಧ.
ಕೆಂಪು? ಮುಂದಿನ ಹಡಗಿಗೆ, ಅಂದರು.

ಎಲಿಹಿಯೋ ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು.
ಅವಳ ಮುಖ ಅಳಿಸಿದ, ತಮ್ಮನ ನೆರಳು ಅಳಿಸಿದ,
ಚಂದ್ರನನ್ನು ಎರಡು ದಿನ ಇಟ್ಟುಕೊಂಡು ನೋಡಿ
ಅದನ್ನೂ.
ಕೊನೆಗೆ ಕೆಳಗೆ, ಎಡಮೂಲೆಯಲ್ಲಿ, ಹೆಬ್ಬೆರಳ ಉಗುರಿನಷ್ಟು
ಒಂದು ದೋಣಿ. ಅದರ ಕೆಳಗೆ ತುಸು ನೀರು. ಮೇಲೆಲ್ಲ ಬಯಲು.

"ಇಷ್ಟೇನಾ?" ಅಂದೆ.
ತೋಳು ಹಿಡಿದು ಎದುರು ಗೋಡೆಗೆ ಒಯ್ದು ನಿಲ್ಲಿಸಿದ.
"ಬಸ್ಸಿಗೆ ನೇತುಬಿದ್ದವನ ಕಣ್ಣು ಒಂದೇ ಕ್ಷಣ ಖಾಲಿ ಇರುತ್ತೆ.
ಎಲ್ಲಿಂದ ಒಳಗೆ ಹೋಗುತ್ತೆ, ನೋಡು."
ನನ್ನದು ಬಲಮೇಲಿಂದ ಹೊಕ್ಕಿತು,
ಕೂರಲು ಎಲ್ಲೂ ಒಂದು ಕಡ್ಡಿಯ ಆಸರೆಯಿಲ್ಲದೆ
ಹಳದಿಯುದ್ದಕ್ಕೂ ಜಾರಿ ಜಾರಿ
ಆ ಉಗುರಿಗೆ ಬಂದು ಢಿಕ್ಕಿ ಹೊಡೆಯಿತು.
ಅಷ್ಟು ದೂರ ನಾನೇ ಹುಟ್ಟು ಹಾಕಿದಂತೆ
ತೋಳು ನೋಯಿತು.

ಕಚೇರಿಯಿಂದ ಒಸ್ವಾಲ್ದೋ ಬಂದ, ಕನ್ನಡಕ ಒರೆಸಿಕೊಂಡ.
"ನಾಯಕಿ ಎಲ್ಲಿ?"
"ದೋಣಿಯಲ್ಲಿ."
"ಕಾಣೋದಿಲ್ಲವಲ್ಲ."
"ತಮ್ಮನಿಗೂ ಕಾಣುತ್ತಿಲ್ಲ."
ಸಹಿ ಹಾಕಿದ. ಪಾಪ, ಊಟದ ಹೊತ್ತಾಗಿತ್ತು.

ಮೊದಲ ದಿನ ಹಳದಿ.
ಇನ್ನೂರು ಹಾಳೆ, ಹಗ್ಗದ ತುಂಬ ಒಗೆದ ಬಟ್ಟೆಯಂತೆ;
ಕೋಣೆಗೆ ಬಂದ ನೊಣ ಕೂಡ ಹಳದಿಯಾಗಿ ಹೊರಟಿತು.
ಮರುದಿನ, ನೀರಿರುವಷ್ಟಕ್ಕೆ, ಅದರ ಮೇಲೆ ನೀಲಿ.
ಕೂಡಿದಲ್ಲಿ ಹಸಿರು: ಕಾಸು ಕೊಡದೆ ಬಂದ ಮೂರನೆಯ ಬಣ್ಣ.
ಎರಡೂ ಮುಟ್ಟದೆ ಬಿಟ್ಟಲ್ಲಿ ಬರಿಯ ಕಾಗದ,
ಅದೇ ದೋಣಿ, ಅದೇ ಅವಳು.
ಅವಳಿರುವ ಜಾಗಕ್ಕೆ ನಾವು ಏನನ್ನೂ ಹಚ್ಚಲಿಲ್ಲ.

ನಲವತ್ತಕ್ಕೆ ನೀಲಿಯ ತಳ ಕಂಡಿತು.
ಸೀಮೆಎಣ್ಣೆ ಬೆರೆಸಿದೆವು. ಎಂಬತ್ತಕ್ಕೆ ಮತ್ತೆ.
ಹಾಲಿಗೆ ನೀರು ಹೊಯ್ಯುವವರ ಹಾಗೆ
ಒಬ್ಬರ ಮುಖ ಒಬ್ಬರು ನೋಡದೆ, ಮತ್ತೆ.
ಅಷ್ಟರಲ್ಲಿ ಕರೆಂಟು ಹೋಯಿತು.
ದೀಪ ಹಚ್ಚಿದರೆ ನಾವೇ ಹೊತ್ತಿಕೊಳ್ಳುತ್ತಿದ್ದೆವು;
ಬಾಗಿಲು ತೆಗೆದು, ಬೀದಿಯ ಬೆಳದಿಂಗಳನ್ನು ಮೇಜಿನವರೆಗೆ ಕರೆದು
ಇನ್ನೂರು ಮುಗಿಸಿದೆವು.

ಬೆಳಿಗ್ಗೆ ನೋಡಿದರೆ
ಮೊದಲ ಹಾಳೆಯಲ್ಲಿ ಕಡಲು ನಡುರಾತ್ರಿ,
ಕೊನೆಯದರಲ್ಲಿ ಅಕ್ಕಿ ತೊಳೆದ ನೀರು.

ಅಂಟಿಸುವವರಿಗೇನು, ಮೇಲಿನಿಂದ ಕಟ್ಟು ಬಿಚ್ಚುತ್ತಾ ಹೋದರು.
ಬಂದರಿನ ಗೋಡೆಗೆ ಕಡುಗತ್ತಲು, ಸಿಗಾರ್ ಕಾರ್ಖಾನೆಗೆ ಎರಡನೆಯ ಜಾವ,
ವೆದಾದೋದ ಕ್ಷೌರದಂಗಡಿಗೆ ಕೋಳಿ ಕೂಗುವ ಹೊತ್ತು.
ಆ ತುದಿಯಿಂದ ಈ ತುದಿಗೆ ಬಸ್ಸಿನಲ್ಲಿ ಕೂತು ಬಂದರೆ
ಅವಳ ಒಂದಿಡೀ ರಾತ್ರಿ ಕಳೆಯುತ್ತಿತ್ತು.
ಗೊತ್ತಿದ್ದದ್ದು ನಮ್ಮಿಬ್ಬರಿಗೇ.
ಮೂರು ಸಲ ಟಿಕೆಟು ಕೊಂಡೆ.

ಶನಿವಾರ ಸಿನಿಮಾ ನೋಡಿದೆವು.
ಕಪ್ಪು ಬಿಳುಪು.
ದೋಣಿ ಬಂದು ಹೋದದ್ದು ಎರಡು ನಿಮಿಷ,
ಮಿಕ್ಕಿದ್ದೆಲ್ಲ ಕೋರ್ಟು, ವಕೀಲ, ಆಸ್ತಿಯ ಜಗಳ.
ಕತ್ತಲಲ್ಲಿ ಎಲಿಹಿಯೋ ಕೆಮ್ಮಿದಂತೆ ನಗುತ್ತಿದ್ದ.

ಹೊರಗೆ ಬ್ರೆಡ್ಡಿನ ಸಾಲು.
ಸಿನಿಮಾ ಬಿಟ್ಟು ಬಂದ ಒಬ್ಬಾಕೆ ಗೆಳತಿಗೆ ಹೇಳುತ್ತಿದ್ದಳು:
"ಅವಳೊಬ್ಬಳೇ ಹೋಗುವಾಗ ಆ ಹಳದಿ ಆಕಾಶ
ನೋಡಿದೆಯಾ, ಎಷ್ಟೊಂದು ಇತ್ತು..."

ನಾನು ಕೈಗಳನ್ನು ಜೇಬಿಗಿಳಿಸಿದೆ.
ಎಷ್ಟು ತಿಕ್ಕಿದರೂ
ಉಗುರ ಸಂದಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.