ಸ್ವಲ್ಪ ಕೆಡಿಸಿ ಮಾತಾಡು

ಒಂಟಿಕೊಪ್ಪಲಿನ ಹಳೇ ಬಂಗಲೆ, ದಿನದ ಬಾಡಿಗೆಗೆ.
ಗೇಟಿನ ಪಕ್ಕ ನಾನು. ಖಾಕಿ, ಸೀಟಿ, ಲಾಠಿ.
ಕಾಲ್‌ಶೀಟಿನಲ್ಲಿ ನನ್ನ ಹೆಸರಿಲ್ಲ,
'ಗೂರ್ಖಾ' ಅಂತಿದೆ. ಹೋದ ವರ್ಷ 'ಚೈನಾ ನಾಲ್ಕು' ಅಂತಿತ್ತು.
ಮೆಟ್ಟಿಲ ಮೇಲಿಂದ ಏಳು ಸಲ ಉರುಳಿ
ಎಂಟನೇ ಸಲ ಸರಿಯಾಗಿ ಸತ್ತೆ.

ಇವತ್ತಿನ ಡೈಲಾಗು ಒಂದೇ:
'ಮೇಡಂ ಒಳಗೆ ಇದ್ದಾನೆ ಶಾಬ್.'
ಬಾಯಿ ತೆರೆದರೆ ಬರುವುದು 'ಇದ್ದಾರೆ'.
ಕಟ್.
'ಅಂಗಲ್ಲ ಕಣೋ, ನಿನ್ ಕನ್ನಡ ಚೆನ್ನಾಗೈತೆ, ಅದೇ ಪ್ರಾಬ್ಲಮ್ಮು.
ಸ್ವಲ್ಪ ಕೆಡಿಸಿ ಮಾತಾಡು' ಅಂತಾರೆ ಡೈರೆಕ್ಟರು,
ಹಕಾರವನ್ನು ಹುಟ್ಟಿದೂರಲ್ಲೇ ಬಿಟ್ಟು ಬಂದವರು.
ಅವರದನ್ನು ಯಾರೂ ರಿಪೇರಿಗೆ ಕೇಳುವುದಿಲ್ಲ.

ಕೆಡಿಸುವುದು ಹೇಗೆ?
ಬೈಲಕುಪ್ಪೆಯಲ್ಲಿ ಪುಟ್ಟಗೌರಮ್ಮ ಟೀಚರು
ಸ್ಕೇಲನ್ನು ಅಂಚಿನಿಂದ ಹೊಡೆಯುತ್ತಿದ್ದರು,
ತಪ್ಪಿದ ಮಹಾಪ್ರಾಣಕ್ಕೆ ಒಂದು ಗೆಣ್ಣು,
ಅವನು ಅವಳಾದರೆ ಎರಡು.
ಮಿಕ್ಕ ಕನ್ನಡ ಕಲಿತದ್ದು ಪಿರಿಯಾಪಟ್ಟಣದ ಕಡೆ,
ಹೊಗೆಸೊಪ್ಪಿನ ಬ್ಯಾರನ್ನಿಗೆ ಉರಿ ಹಾಕುವ ರಾತ್ರಿಗಳಲ್ಲಿ,
ಬೈಗುಳ ಸಮೇತ.
ಚಳಿಗಾಲದಲ್ಲಿ ಅಪ್ಪ ಟೌನ್‌ಹಾಲ್ ಹತ್ತಿರ ಸ್ವೆಟರ್ ಹರಡಿ
ಚೌಕಾಸಿಗೆ ನನ್ನನ್ನು ಮುಂದೆ ಬಿಡುತ್ತಿದ್ದ.
'ಅಯ್ಯೋ, ಈ ಹೈದನ ಬಾಯಿ ನೋಡ್ರೀ' ಅಂತ ನಕ್ಕು
ಹತ್ತು ರೂಪಾಯಿ ಜಾಸ್ತಿಯೇ ಕೊಟ್ಟು ಹೋಗುತ್ತಿದ್ದರು.

ನವೆಂಬರ್ ಒಂದಕ್ಕೆ ಮಾತ್ರ ನನಗೆ ಹೆಸರು.
ಛೋಡಾಕ್. ಬ್ಯಾನರಿನಲ್ಲಿ 'ಚೋಡಕ್ಕ' ಅಂತಿರುತ್ತದೆ, ಇರಲಿ.
ಪೇಟ, ಶಾಲು, ಏಲಕ್ಕಿ ಹಾರ.
'ನೋಡಿ ಮಹಾಜನಗಳೇ, ಇವರೂ ಕನ್ನಡ ಮಾತಾಡ್ತಾರೆ!'
ಚಪ್ಪಾಳೆ. ಎರಡು ಮಾತಾಡಿ ಅಂದರು.
ಮೂರನೆಯದು ಶುರುವಾಗುವಷ್ಟರಲ್ಲಿ ಮೈಕು
ಆರ್ಕೆಸ್ಟ್ರಾದವರ ಕೈಗೆ ಹೋಗಿತ್ತು.
ಆ ಮೂರನೆಯ ಮಾತು ಏನಿತ್ತು,
ನನಗೂ ಈಗ ಮರೆತಿದೆ.

ಟೇಕ್ ಐದು. 'ಇದ್ದಾರೆ.'
ಟೇಕ್ ಆರು. ನಾಲಿಗೆಯನ್ನು ಕಿವಿ ಹಿಡಿದಂತೆ ಹಿಡಿದು ತಿರುಚಿ
'ಇದ್ದಾ...' ಅನ್ನುವಾಗ ಬೀದಿಯ ತುದಿಯಿಂದ

'ಬನ್ರಕ್ಕೋ, ಬನ್ರಪ್ಪೋ, ಈರುಳ್ಳಿ ಬಂದೈತೆ,
ನೂರ್ ರೂಪಾಯ್ಗೆ ನಾಕ್ ಕೇಜಿ,
ಹೆಚ್ಚೋರ್ ಕಣ್ಣಲ್ ನೀರು, ಉಣ್ಣೋರ್ ಬಾಯಲ್ ನೀರು!'

ನಂದೇ.
ನಿಂಗರಾಜುವಿನ ಆಟೊದೊಳಗೆ ಕಂಬಳಿ ಮುಸುಕಿಕೊಂಡು
ಮೊಬೈಲಿಗೆ ಹೇಳಿದ್ದು.
ನಾನೂರು ರೂಪಾಯಿ, ಮೇಲೆ ಅರ್ಧ ಮೂಟೆ ಈರುಳ್ಳಿ.
ಎರಡು ವರ್ಷದಿಂದ ಮೇಟಗಳ್ಳಿ, ಹೆಬ್ಬಾಳು, ಸರಸ್ವತೀಪುರಂ
ಸುತ್ತುತ್ತಲೇ ಇದೆ. ಯಾರೂ ತಡೆದು
ನಿಜವಾಗ್ಲೂ ಯಾವೂರು ಅಂತ ಕೇಳಿಲ್ಲ,
ಅದಕ್ಕೆ ಮುಖವಿಲ್ಲವಲ್ಲ.

'ಕಟ್! ಯಾವನ್ಲಾ ಅವ್ನು?'
ಸೌಂಡಿನ ಹುಡುಗ ಹೆಡ್‌ಫೋನಿನ ಒಂದು ಕಿವಿ ಸರಿಸಿ
'ವಾಯ್ಸ್ ಮಾತ್ರ ಸೂಪರ್ ಸಾರ್, ಅಪ್ಪಟ ನಮ್ ಕಡೆಯೋನು' ಅಂದ.
'ಔದು ಕಣೋ' ಅಂದರು ಡೈರೆಕ್ಟರು, ಮೆತ್ತಗೆ,
'ಇಂಥ ಗಂಟ್ಲು ಇಟ್ಕಂಡು ಈರುಳ್ಳಿ ಮಾರ್ತಾವ್ನಲ್ಲ.'
ಆಮೇಲೆ ನನ್ನ ಕಡೆ ತಿರುಗಿ
'ಓಗು, ನಿಲ್ಸಕ್ಕೇಳು.'
ಗೂರ್ಖಾ ತಾನೆ. ಬೀದಿ ಕಾಯುವವನು.

ಹೋದೆ. ಖಾಕಿ ಕಂಡು ನಿಂಗರಾಜು ಮೊದಲು ಬೆದರಿದ,
ಆಮೇಲೆ ಹಲ್ಲು ಬಿಟ್ಟ, 'ನೀನೇನ್ಲಾ!'
ಗುಂಡಿ ಒತ್ತಿ ನಿಲ್ಲಿಸಿದೆ ನನ್ನನ್ನು ನಾನೇ
'ನಾಕ್'ಗೂ 'ಕೇಜಿ'ಗೂ ನಡುವೆ.
ಕಾಂಪೌಂಡಿನ ಮೇಲಿಂದ ಬುಟ್ಟಿ ಚಾಚಿದ್ದ ಅಜ್ಜಿಯೊಂದು
ಸ್ಪೀಕರಿನ ಬಾಯಿಯನ್ನೇ ನೋಡುತ್ತಾ ಕೇಳಿತು,
'ಯಾಕಪ್ಪಾ ನಿಂತೋದೆ? ಪೂರ್ತಿ ಹೇಳು.'
ಮಾತಾಡದೆ ಎರಡು ಕೇಜಿ ತೂಗಿಕೊಟ್ಟೆ.

ಟೇಕ್ ಏಳು.
'ಮೇಡಂ ಒಳಗೆ ಇದ್ದಾನೆ ಶಾಬ್.'
ಓಕೆ. ಎಲ್ಲರೂ ನಕ್ಕರು, ಲೈಟಿನ ಹುಡುಗರೂ.
ಎಡಗೈಯ ಎರಡು ಗೆಣ್ಣು ಚುರ್ ಅಂದವು.
ಅಷ್ಟರಲ್ಲಿ ಎರಡು ಬೀದಿಯಾಚೆ
ನಿಂಗರಾಜು ಗುಂಡಿ ಒತ್ತಿರಬೇಕು,
ನಿಂತಲ್ಲಿಂದಲೇ ಶುರುವಾಯಿತು:
'... ಕೇಜಿ!'