ಏರಿಗೆ ಮೂತಿ ಮಾಡಿ

ನೀರು ತುಂಬಿದೆ ಎಂದೇ ನಂಬಿದ್ದೆ.
ನಿನ್ನೆ ಅಭ್ಯತ್‌ಮಂಗಲದ ಏರಿನಲ್ಲಿ ಹೋಸು ಬಿರಿದಾಗ
ಹೊಸದು ಬಿಗಿದು, ತೋಡಿನಿಂದ ಮೊಗೆಮೊಗೆದು
ಬಾಯಿ ತುಳುಕುವವರೆಗೂ ಹೊಯ್ದಿದ್ದೆನಲ್ಲ.
ಇವತ್ತು ಚೆಟ್ಟಳ್ಳಿ ಮುಟ್ಟುವಷ್ಟರಲ್ಲಿ
ಮುಳ್ಳು ಎದ್ದಿತು ಕೆಂಪಿಗೆ.
ಆಮೇಲೆ, ಏನೂ ಆಗದವರ ಹಾಗೆ,
ದೊಪ್ಪನೆ ಬಿತ್ತು ಕೆಳಗೆ.
ಸದ್ಯ, ತಣಿಯಿತು ಅಂದುಕೊಂಡೆ.

"ಆಫ್ ಮಾಡು ಮೊದಲು," ಅಂದರು ಮೊಯ್ದುಕಾಕ.
"ಮುಳ್ಳು ಸುಳ್ಳು ಹೇಳಲ್ಲ ದೇಚೂ,
ಮುಟ್ಟಿದ್ದನ್ನ ಹೇಳುತ್ತೆ.
ಈಗ ಅದು ಮುಟ್ಟಿರೋದು ಗಾಳೀನ."

ಮುಚ್ಚಳಕ್ಕೆ ಹೋದ ನನ್ನ ಬೆರಳಿಗೆ
ಸ್ಪಾನರಿನಿಂದ ಒಂದು ತಟ್ಟು.
ಬೈಗುಳವಿಲ್ಲ. ತೋಳು ಮಡಚಿ ತೋರಿಸಿದರು:
ಮೊಣಕೈಯಿಂದ ಮಣಿಕಟ್ಟಿಗೆ ಇಳಿದ ಬಿಳಿಚು ಕಲೆ.
"ಎಂಬತ್ತೊಂಬತ್ತನೇ ಇಸವಿ. ಮರದ ಲಾರಿ.
ನನಗೂ ಅವಸರ ಇತ್ತು."

ಹಾಗಾಗಿ ಕೂತೆವು.
ಹಿಂದಿನ ಸೀಟಿನ ಏಳು ಹೆಂಗಸರೂ ಕೂತರು,
ಅಸ್ಸಾಮಿನವರು, ಹಣ್ಣು ಕುಯ್ಯಲು ಬಂದವರು,
ಕಿಲೋ ಲೆಕ್ಕದ ಕೂಲಿ, ಗಂಟೆ ಲೆಕ್ಕದ ನಷ್ಟ.
ರೂಪ್‌ಜಾನ್ ಬೆರಳು ಮಡಚಿ ಎಣಿಸುತ್ತಿದ್ದಳು,
ನನ್ನತ್ತ ನೋಡದೆ.

ತಣಿದ ಮೇಲೆ ಚರ್ಚಿನ ರಸ್ತೆಯ ಏರಿಗೆ
ಜೀಪಿನ ಮೂತಿ ಮಾಡಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದೆ.
"ಗಾಳಿ ಎತ್ತರ ಹುಡುಕುತ್ತೆ. ಎತ್ತರ ಕೊಟ್ಟುಬಿಡು.
ಹೀಟರ್ ಪೂರ್ತಿ ತೆಗಿ."
ಈ ಬಿಸಿಲಲ್ಲಿ?
"ತೆಗಿ."
ಬೀಸಿತು ತಣ್ಣಗೆ.
ಡ್ಯಾಶಿನ ಹಿಂದೆಲ್ಲೋ ಗುಳುಗುಳು,
ಹೂಜಿ ಮುಳುಗಿಸಿದ ಸದ್ದು.

ಕತ್ತರಿಸಿದ ಬಾಟಲಿಯೇ ಆಲಿಕೆ. ಹಿಡಿಯಲು ಯಾರು?
ರೂಪ್‌ಜಾನ್ ಎಣಿಕೆ ಬಿಟ್ಟು ಎದ್ದು ಬಂದಳು.
ಹಸಿರು ಕೂಲಂಟು ನೂಲಿನಂತೆ ಇಳಿಸಿದರು ಕಾಕ,
ಮೇಲಿನ ಹೋಸನ್ನು ಕೆಚ್ಚಲು ಹಿಂಡುವ ಹಾಗೆ ಹಿಂಡಿ, ಬಿಟ್ಟು, ಹಿಂಡಿ.
ಇಂಜಿನ್ ಮೆಲ್ಲಗೆ ಗುನುಗುತ್ತಿತ್ತು.
ಆಮೇಲೆ ಥರ್ಮೋಸ್ಟ್ಯಾಟ್ ನೆತ್ತಿಯ ಮೇಲೆ
ಮೂಗುಬೊಟ್ಟಿನಷ್ಟು ತಿರುಪು,
ಇಷ್ಟು ವರ್ಷ ಓಡಿಸಿಯೂ ನಾನು ಕಾಣದ್ದು,
ಅರ್ಧ ಸುತ್ತು ಸಡಿಲಿಸಿದರು.

ಸ್ಸ್.
ಉಗುಳು. ನೊರೆ. ಮತ್ತೆ ಸ್ಸ್.
ಆಲಿಕೆಯೊಳಗೆ ದೊಡ್ಡದೊಂದು ಗುಳ್ಳೆ ಏರಿ ಬಂದು ಒಡೆಯಿತು.
"ಅಕ್ಕಾ, ಗಾಡಿ ತೇಗು!" ಅಂದಳು ರೂಪ್‌ಜಾನ್.
ಆ ಬೆಳಿಗ್ಗೆ ಮೊದಲ ಸಲ ನಕ್ಕಳು,
ಮುಖಕ್ಕೆ ಹಸಿರು ಸಿಡಿದಿದ್ದರೂ.

ತುಂಬಿದ್ದು ಇಳಿಯಿತು. ಹೊಯ್ದೆವು. ಮತ್ತೆ ಇಳಿಯಿತು.
ಒಂದೂಕಾಲು ಲೀಟರು ಹಿಡಿಯಿತು,
ತುಂಬಿದೆ ಎಂದು ನಾನು ಆಣೆ ಇಡುತ್ತಿದ್ದ ಹೊಟ್ಟೆ.
ಖಾಲಿಗೂ ಅಳತೆ ಇದೆ ನೋಡಿ.
ಅಷ್ಟು ಜಾಗ ಹಿಡಿದು ಬಿಸಿಯ ದಾರಿಗೆ ಅಡ್ಡ ಕೂತಿತ್ತು
ಏನೂ ಅಲ್ಲದ್ದೊಂದು.

ಕೊನೆಗೆ ತಿರುಪಿನ ಬಾಯಲ್ಲಿ
ಗುಳ್ಳೆಯಿಲ್ಲದ ಒಂದೇ ಎಳೆ.
ಕಾಕ ಬಿಗಿದು, ಬೆರಳು ಪಂಚೆಗೆ ಒರೆಸಿಕೊಂಡರು.
ಎಷ್ಟಾಯ್ತು?
"ಕೂಲಂಟಿನ ಕಾಸು ಕೊಡು.
ಗಾಳಿಗೆ ಏನಂತ ತಗೊಳ್ಳಲಿ?"

ಹೊರಟೆವು. ಮುಳ್ಳು ನಡುವೆ ನಿಂತಿತ್ತು;
ನಾನು ಅದನ್ನು ಅಷ್ಟಾಗಿ ನೋಡಲಿಲ್ಲ.
ಕಣಕಾಲಿಗೆ ಬೆಂಕಿಯಂಥ ಗಾಳಿ ರಾಚುತ್ತಿತ್ತು,
ನಿಜವಾದ ಬಿಸಿ, ನೀರು ಹೊತ್ತು ತಂದ ಬಿಸಿ.
"ಅಕ್ಕಾ, ಅದು ಬಂದ್ ಮಾಡು, ಬೆಂದು ಹೋದೆ!"
ಎಂದು ಹಿಂದಿನಿಂದ ಕೂಗಾಟ.
ತೋಟದ ಗೇಟಿನವರೆಗೂ
ನಾನು ಆರಿಸಲಿಲ್ಲ.